ಉಲ್ಟಾ ಇಲ್ಲದ ಬಾವುಟ

ನಾಗಮಂಗಲ
6-10-1997

ಪ್ರೀತಿಯ ಅಖ್ತರಕ್ಕನಿಗೆ,

ಮೂರು ವರ್ಷ ಒಂದು ಕಾಗದ ಹಾಕದವಳು ಕೆಲಸ ಬಿದ್ದಾಗ ಬರೆಯುತ್ತಿದ್ದಾಳೆ ಎಂದು ನೀನು ಬೈಯುವುದು ನನಗೆ ಇಲ್ಲಿಗೇ ಕೇಳುತ್ತಿದೆ. ಬೈದುಬಿಡು, ಆಮೇಲೆ ಮುಂದೆ ಓದು.

ಇಲ್ಲಿಯ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಟೀಚರಾಗಿ ಇದು ಐದನೆಯ ವರ್ಷ. ಇನ್ನೂ ಖಾಯಂ ಆಗಿಲ್ಲ. ಸ್ವಾತಂತ್ರ್ಯ ಬಂದು ಐವತ್ತು ವರ್ಷವಾಯಿತಲ್ಲ, ಅದಕ್ಕೆ ಸುತ್ತಲ ತಾಲ್ಲೂಕುಗಳ ಹೈಸ್ಕೂಲುಗಳು ಸೇರಿ ಡಿಸೆಂಬರಿನಲ್ಲಿ ಶ್ರೀರಂಗಪಟ್ಟಣದಲ್ಲಿ ಪ್ರದರ್ಶನ ಇಟ್ಟಿವೆ. ಒಂದೊಂದು ಶಾಲೆಗೆ ಒಂದೊಂದು ದೇಶ. ಆ ದೇಶದ ಬಾವುಟ ಮೊದಲು ಹೇಗಿತ್ತು, ಈಗ ಹೇಗಿದೆ, ಎರಡನ್ನೂ ಬಟ್ಟೆಯಲ್ಲೇ ಮಾಡಿ ತೋರಿಸಬೇಕು. ಚೀಟಿ ಎತ್ತಿದರು. ಪಕ್ಕದ ಶಾಲೆಗೆ ಜಪಾನ್ ಬಂತು. ಬಿಳಿ ಬಟ್ಟೆಗೆ ಒಂದು ಕೆಂಪು ಬೊಟ್ಟು ಇಟ್ಟರೆ ಅವರ ಕೆಲಸ ಮುಗಿಯಿತು. ನಮಗೆ ಬಂದದ್ದು ಪರಾಗ್ವೆ. ಅದು ಎಲ್ಲಿದೆ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಗೊತ್ತಿಲ್ಲ. ಹೆಡ್ಮಿಸ್ಟ್ರೆಸ್ ಯಶೋದಮ್ಮನವರು, "ಚೀಟಿ ಬದಲಾಯಿಸ್ಕೊಂಡು ಬಂದ್ಬುಡಮ್ಮ, ಯಾವ್ದಾದ್ರೂ ಗೊತ್ತಿರೋ ದೇಸ ಇಸ್ಕೊ" ಎಂದರು. ನಾನು ಆಗುವುದಿಲ್ಲ ಎಂದೆ. ಎಲ್ಲರೂ ಬೇಡ ಎನ್ನುವ ದೇಶದ ಮೇಲೆ ನನಗೆ ಅಭಿಮಾನ ಬಂದುಬಿಟ್ಟಿತು.

ದಕ್ಷಿಣ ಅಮೆರಿಕದ ನಡುಮಧ್ಯೆ ಇದೆ ಅಕ್ಕ, ಸಮುದ್ರದ ದಡವೇ ಇಲ್ಲ. ಹಿಂದಿನ ಶತಮಾನದಲ್ಲಿ ಮೂರು ದೇಶಗಳ ಜೊತೆ ಒಟ್ಟಿಗೇ ಯುದ್ಧಕ್ಕೆ ಬಿದ್ದು ಗಂಡಸರಲ್ಲಿ ಬಹುಪಾಲು ಸತ್ತುಹೋದರಂತೆ. ಉಳಿದ ಹೆಂಗಸರೇ ಹೊಲ ಉತ್ತು, ಮಕ್ಕಳನ್ನು ಸಾಕಿ, ದೇಶ ಕಟ್ಟಿದರಂತೆ. ಅಲ್ಲಿಯ ಹೆಂಗಸರು ಜೇಡರಬಲೆಯ ಹಾಗೆ ಲೇಸು ಹೆಣೆಯುತ್ತಾರಂತೆ. ಅದನ್ನು ಓದಿದ ಕೂಡಲೇ ನಿನ್ನ ನೆನಪಾಯಿತು. ಹೊಸಹೊಳಲಿನಲ್ಲಿ ನಿಮ್ಮ ಮನೆಯ ಜಗುಲಿಯ ಮೇಲೆ ನನಗೆ ಸೂಜಿ ಹಿಡಿಯಲು ಕಲಿಸಿದವಳು ನೀನು. ಈ ಬಾವುಟವನ್ನು ಬೇರೆ ಯಾರ ಕೈಗೂ ಕೊಡಲಾರೆ.

ಮೊದಲ ಬಾವುಟ ಬರೀ ನೀಲಿ, ಮೂಲೆಯಲ್ಲಿ ಒಂದು ಬಿಳಿ ನಕ್ಷತ್ರ. ಆಮೇಲೆ ಒಂದೆರಡು ಸಲ ಬದಲಾಯಿತಂತೆ. ಈಗಿನದರ ಚಿತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ. ಐದಡಿ ಉದ್ದ, ಮೂರಡಿ ಅಗಲ. ಮಾಡಿಕೊಡುತ್ತೀಯಾ?

ನಿನ್ನ ಪಮ್ಮಿ


ಕೆ.ಆರ್. ಪೇಟೆ
13-10-1997

ಪಮ್ಮಿಗೆ,

ಕ್ಷೇಮ ಅಂತ ಬರೆಯುವ ಅಭ್ಯಾಸ ನನಗಿಲ್ಲ. ಕ್ಷೇಮ ಇಲ್ಲದ ದಿನ ಬರೆಯುತ್ತೇನೆ, ಆಗ ತಿಳಿದುಕೋ.

ಬೈಯುವುದನ್ನು ಗಟ್ಟಿಯಾಗಿಯೇ ಬೈದು ಮುಗಿಸಿದ್ದೇನೆ. ಅಂಗಡಿಯಲ್ಲಿ ಕೂತಿದ್ದ ಮಂಗಳಮ್ಮ ಸಾಕ್ಷಿ. ಅವರು ನನ್ನ ಹಳೆಯ ಗಿರಾಕಿ, ಮನೆಯ ಮೂವರು ಹೆಣ್ಣುಮಕ್ಕಳ ಮದುವೆ ಬ್ಲೌಸುಗಳನ್ನೂ ನಾನೇ ಹೊಲಿದದ್ದು. "ಅದ್ಯಾವ್ ದೇಸದ ಬಾವುಟ್ವೋ ಏನೋ, ದೀಪಾವಳಿ ಹತ್ರ ಬತ್ತಾ ಅದೆ, ನಮ್ದು ಮೊದ್ಲು ಹೊಲ್ಕೊಡವ್ವ" ಅಂದರು. ಗಂಡಸರೆಲ್ಲ ಸತ್ತ ಮೇಲೆ ಹೆಂಗಸರೇ ಕಟ್ಟಿದ ದೇಶವಂತೆ ಅಂದೆ. "ನಮ್ಮನೇಲಿ ಗಂಡುಸ್ರು ಬದುಕಿದ್ರೂ ನಾವೇ ಕಟ್ತಿರಾದು" ಅಂತ ಹೇಳಿ ಎದ್ದು ಹೋದರು.

ಚಿತ್ರ ನೋಡಿದೆ. ಮೇಲೆ ಕೆಂಪು, ನಡುವೆ ಬಿಳಿ, ಕೆಳಗೆ ನೀಲಿ. ಬಿಳಿಯ ನಡುವೆ ಹಳದಿ ಚುಕ್ಕಿ, ಚುಕ್ಕಿಯ ಸುತ್ತ ಎಲೆಯ ಹಾರ, ಅದರ ಸುತ್ತ ಇಂಗ್ಲಿಷ್ ಅಕ್ಷರದಲ್ಲಿ ಏನೋ ಬರೆದಿದೆ. ಆಗುತ್ತದೆ. ಕಷ್ಟವೇನಿಲ್ಲ.

ಬಟ್ಟೆ, ದಾರ ನಿಮ್ಮ ಶಾಲೆಯದು. ಮಜೂರಿ ನನಗೆ ಬೇಡ. ಅದರ ಬದಲು ಒಂದು ಕೆಲಸ ಮಾಡು. ಹದಿನಾರು ವರ್ಷದಿಂದ ಈ ಊರಿನ ಹೆಂಗಸರೆಲ್ಲರ ಮೈ ಅಳತೆ ನನ್ನ ಪುಸ್ತಕದಲ್ಲಿದೆ, ಆದರೆ ನಾನು ಹೊಲಿದದ್ದರ ಮೇಲೆ ನನ್ನ ಹೆಸರು ಎಲ್ಲಿಯೂ ಇಲ್ಲ. ಬಾವುಟದ ಕೆಳಗೆ ಒಂದು ರಟ್ಟಿನ ಮೇಲೆ ನಿನ್ನ ಚೆಂದದ ಅಕ್ಷರದಲ್ಲಿ ಬರೆದು ಹಾಕು: ಹೊಲಿಗೆ, ಅಖ್ತರ್ ಬೇಗಂ, ಕೆ.ಆರ್. ಪೇಟೆ. ಶ್ರೀರಂಗಪಟ್ಟಣದಲ್ಲಿ ಜನ ಅದನ್ನು ಓದಬೇಕು.

ಅಖ್ತರ್


ನಾಗಮಂಗಲ
20-10-1997

ಅಕ್ಕ,

ಬಸ್ಸಿಗೆ ಹೊತ್ತಾಯಿತು, ನಿಂತುಕೊಂಡೇ ಬರೆಯುತ್ತಿದ್ದೇನೆ. ಶನಿವಾರ ಮೈಸೂರಿಗೆ ಹೋಗಿ ಲೈಬ್ರರಿಯಲ್ಲಿ ದೊಡ್ಡ ಪುಸ್ತಕ ನೋಡಿದೆ. ನಮ್ಮ ಶಾಲೆಯ ಭೂಪಟದ ಪುಸ್ತಕದಲ್ಲಿ ಇದು ಇರಲೇ ಇಲ್ಲ. ಇದರ ಜೊತೆ ಸಿಂಹದ ಚಿತ್ರ ಇಟ್ಟಿದ್ದೇನೆ. ಬಿಳಿ ಪಟ್ಟಿಯ ನಡುವೆ ಬರಬೇಕು. ಅಳತೆ ನಕ್ಷತ್ರದ್ದೇ. ಮರೆಯಬೇಡ. ರಟ್ಟು ಆಗಲೇ ಬರೆದಿಟ್ಟಿದ್ದೇನೆ.

ಪಮ್ಮಿ


ಕೆ.ಆರ್. ಪೇಟೆ
29-10-1997

ಪಮ್ಮಿಗೆ,

ನಿನಗೆ ಬುದ್ಧಿ ಇದೆಯೇನೇ? ಚುಕ್ಕಿ ಮುಗಿದು, ಹಾರದ ಎಲೆಗಳೂ ಮುಗಿದು, ಅಕ್ಷರ ಅರ್ಧ ಆಗಿತ್ತು. ಆಗ ನಿನ್ನ ಸಿಂಹ ಬಂತು. ಮನಸ್ಸು ಬದಲಾದರೆ ಮೊದಲೇ ಹೇಳಬಾರದಾ? ಹತ್ತು ದಿನದ ಕಸೂತಿಯನ್ನು ಒಂದು ಸಂಜೆ ಕೂತು ಬಿಚ್ಚಿದೆ. ಬಿಚ್ಚಿದ ಮೇಲೆ ಬಟ್ಟೆಯಲ್ಲಿ ಸೂಜಿಯ ತೂತು ಉಳಿಯುತ್ತದೆ, ಅದಕ್ಕೆ ಆ ಬಿಳಿ ಪಟ್ಟಿಯನ್ನೇ ಎಸೆದು ಹೊಸದು ತೆಗೆದುಕೊಂಡೆ.

ಚುಚ್ಚಿದ ಟ್ರೇಸಿಂಗ್ ಪೇಪರಿನ ಮೇಲೆ ಸೀಮೆಎಣ್ಣೆಯಲ್ಲಿ ನೀಲಿ ಕಲಸಿ ಒರೆಸಿ ಸಿಂಹ ಇಳಿಸಿದ್ದೇನೆ. ಸಿಂಹದ ಹಿಂದೆ ಒಂದು ಕೋಲು, ಕೋಲಿನ ತುದಿಗೆ ಕೆಂಪು ಟೋಪಿ. ನನ್ನ ತಮ್ಮ ಶಫೀವುಲ್ಲಾ ಟೆಂಪೋ ನಿಲ್ಲಿಸಿ ಒಳಗೆ ಬಂದವನು ನೋಡಿ, "ಯಾರ್ದೋ ಟೋಪಿ ಕಿತ್ಕೊಂಡು ಕೋಲಿಗೆ ಸಿಗಾಕವ್ರೆ ಆಪಾ, ಸಿಮ್ಮ ಕಾಯ್ತಾ ಕುಂತದೆ" ಅಂದ. ಮುಖ ಮುಗಿದಿದೆ. ಇನ್ನು ಬದಲಾಯಿಸು ಅಂದರೆ ನಿನ್ನ ಪರಾಗ್ವೆಯನ್ನು ಒಲೆಗೆ ಹಾಕುತ್ತೇನೆ.

ಅಖ್ತರ್


ನಾಗಮಂಗಲ
2-11-1997

ಅಕ್ಕ, ನನ್ನನ್ನು ಹೊಡೆದುಬಿಡು. ನಕ್ಷತ್ರದ ಬದಲು ಸಿಂಹ ಅಲ್ಲ. ಎರಡೂ ಬೇಕು.

ಆತುರದಲ್ಲಿ ಮುಖ್ಯವಾದ ಮಾತನ್ನೇ ಬರೆಯಲಿಲ್ಲ. ಆ ಬಾವುಟಕ್ಕೆ ಒಂದು ಕಡೆ ನಕ್ಷತ್ರ, ಇನ್ನೊಂದು ಕಡೆ ಸಿಂಹ. ಎರಡು ಬದಿಯಲ್ಲಿ ಎರಡು ಗುರುತು ಇರುವ ಬಾವುಟ ಇಂದು ಬೇರೆ ಯಾವ ದೇಶಕ್ಕೂ ಇಲ್ಲವಂತೆ. 1842ರಲ್ಲಿ ಕಾನೂನು ಮಾಡಿಕೊಂಡು ಇಂದಿಗೂ ಹಾಗೇ ಉಳಿಸಿಕೊಂಡಿದ್ದಾರೆ. ಸಿಂಹದ ಕಡೆ ಇರುವ ಅಕ್ಷರಗಳ ಅರ್ಥ ಶಾಂತಿ ಮತ್ತು ನ್ಯಾಯ. ಪುಸ್ತಕದ ಹೆಸರು, ಪುಟದ ಸಂಖ್ಯೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ, ಯಾರಾದರೂ ಕೇಳಿದರೆ ತೋರಿಸಲು.

ನಿನಗೆ ಇನ್ನೊಮ್ಮೆ ನಕ್ಷತ್ರ ಹೊಲಿ ಎಂದು ಕೇಳಲು ನಾಚಿಕೆಯಾಗುತ್ತಿದೆ. ಆದರೂ ಕೇಳುತ್ತಿದ್ದೇನೆ.

ಪಮ್ಮಿ


ಕೆ.ಆರ್. ಪೇಟೆ
24-11-1997

ಪಮ್ಮಿಗೆ,

ಶಫೀವುಲ್ಲಾನ ಕೈಯಲ್ಲಿ ಗಂಟು ಕಳಿಸಿದ್ದೇನೆ. ಹಳೆಯ ನೀಲಿ ಬಾವುಟ ಮೇಲಿದೆ, ಅದನ್ನು ಒಂದು ಮಧ್ಯಾಹ್ನದಲ್ಲಿ ಹೊಲಿದೆ. ಅದರ ಕೆಳಗೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿರುವುದೇ ಈಗಿನ ಬಾವುಟ. ಕೈ ತೊಳೆದುಕೊಂಡು ಬಿಚ್ಚು.

ನಮ್ಮ ಕಸುಬಿನಲ್ಲಿ ಸೀದಾ ಕಡೆ ಲೋಕಕ್ಕೆ, ಉಲ್ಟಾ ಕಡೆ ಹೊಲಿದವಳಿಗೆ. ಗಂಟು, ದಾರದ ತುದಿ, ದಾರಿ ತಪ್ಪಿದ ಹೊಲಿಗೆ ಎಲ್ಲವನ್ನೂ ಉಲ್ಟಾ ಕಡೆ ಬಚ್ಚಿಡುತ್ತೇವೆ. ನಿನ್ನ ಈ ಬಾವುಟಕ್ಕೆ ಉಲ್ಟಾ ಕಡೆಯೇ ಇಲ್ಲ. ಮೂರು ದಿನ ಯೋಚನೆ ಮಾಡಿದೆ, ಅನ್ನ ಸೇರಲಿಲ್ಲ. ಕೊನೆಗೆ ಎರಡು ಬಿಳಿ ಪಟ್ಟಿ ತೆಗೆದುಕೊಂಡೆ. ಒಂದರ ಮೇಲೆ ಚುಕ್ಕಿ, ಒಂದರ ಮೇಲೆ ಸಿಂಹ. ಎರಡನ್ನೂ ಬೆನ್ನಿಗೆ ಬೆನ್ನು ಇಟ್ಟು, ನಡುವೆ ತೆಳುವಾದ ಕ್ಯಾನ್ವಾಸ್ ಕೊಟ್ಟು, ಕೆಂಪು ಮತ್ತು ನೀಲಿಯ ಅಂಚುಗಳನ್ನು ಒಳಗೆ ಸಿಕ್ಕಿಸಿ ಹೊಲಿದೆ. ಗಂಟುಗಳೆಲ್ಲ ಒಳಗೇ ಉಳಿದವು. ಬಿಸಿಲಿಗೆ ಹಿಡಿದು ನೋಡು, ಒಂದು ಕಡೆಯ ದಾರ ಇನ್ನೊಂದು ಕಡೆ ಕಂಡರೆ ನನ್ನ ಹೆಸರು ಅಳಿಸಿಹಾಕು.

ತೊಂದರೆ ಏನೂ ಆಗಲಿಲ್ಲ, ಬಿಡುವಿನಲ್ಲಿ ಮಾಡಿದೆ. ಒಂದೇ ಮಾತು, ಇದನ್ನು ಗೋಡೆಗೆ ಅಂಟಿಸಬೇಡಿ. ಎರಡೂ ಕಡೆ ಜನ ಓಡಾಡುವ ಹಾಗೆ ಹಗ್ಗಕ್ಕೆ ಕಟ್ಟಿ.

ಅಖ್ತರ್


ನಾಗಮಂಗಲ
11-12-1997

ಅಕ್ಕ,

ಪ್ರದರ್ಶನ ಸೋಮವಾರ ಮುಗಿಯಿತು. ಬಹುಮಾನ ಬರಲಿಲ್ಲ. ಜಪಾನಿನವರಿಗೆ ಮೊದಲ ಬಹುಮಾನ. ತೀರ್ಪುಗಾರರ ಅಭಿಪ್ರಾಯ ಬೇರೆ ಇತ್ತು. ಬಾವುಟ ಶಾಲೆಯಲ್ಲಿ ಭದ್ರವಾಗಿದೆ. ನನಗೆ ಸ್ವಲ್ಪ ಜ್ವರ, ಹೆಚ್ಚು ಬರೆಯಲಾರೆ. ಕಸೂತಿ ಚೆನ್ನಾಗಿದೆ ಎಂದು ಎಷ್ಟೋ ಜನ ಹೇಳಿದರು.

ಪ್ರಮೀಳಾ


ಕೆ.ಆರ್. ಪೇಟೆ
18-12-1997

ಪಮ್ಮಿಗೆ,

ಬಹುಮಾನ ಹೋದರೆ ಹೋಯಿತು, ಅದಕ್ಕೆಲ್ಲ ಜ್ವರ ಬರಿಸಿಕೊಳ್ಳುತ್ತಾರಾ? ಮೆಣಸಿನ ಕಷಾಯ ಕುಡಿದು ಹೊದ್ದು ಮಲಗು.

ಹೇಗೆ ಕಟ್ಟಿದ್ದಿರಿ, ಜನ ಹಿಂದೆ ಮುಂದೆ ತಿರುಗಿ ನೋಡಿದರಾ, ಯಾವ ಕಡೆ ಹೆಚ್ಚು ಜನ ನಿಂತರು, ಒಂದನ್ನೂ ನೀನು ಬರೆದಿಲ್ಲ. ರಟ್ಟನ್ನು ಯಾರಾದರೂ ಓದಿದರಾ? ನನ್ನ ಹೆಸರನ್ನು ಗಟ್ಟಿಯಾಗಿ ಓದಿದವರು ಒಬ್ಬರಾದರೂ ಇದ್ದರಾ? ಹುಷಾರಾದ ಮೇಲೆ ಎಲ್ಲವನ್ನೂ ಬರೆ. ಕಾಯುತ್ತಿರುತ್ತೇನೆ.

ಅಖ್ತರ್


ಕೆ.ಆರ್. ಪೇಟೆ
6-1-1998

ಶ್ರೀಮತಿ ಪ್ರಮೀಳಾ ಮೇಡಂ ಅವರಿಗೆ,

ಇವತ್ತು ಕ್ಷೇಮ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರನ್ನು ಗಟ್ಟಿಯಾಗಿ ಓದಿದವರು ಇದ್ದರಾ ಅಂತ ಕೇಳಿದ್ದೆನಲ್ಲ, ನಿನ್ನೆ ಉತ್ತರ ಸಿಕ್ಕಿತು. ಮಂಗಳಮ್ಮ ಒಂದು ವಾರಪತ್ರಿಕೆಯ ಹಾಳೆ ಮಡಿಚಿಕೊಂಡು ಬಂದು ನನ್ನ ಮಿಷನ್ನಿನ ಮೇಲೆ ಇಟ್ಟರು. "ಪ್ರದರ್ಶನದಲ್ಲಿ ತಪ್ಪು ಧ್ವಜ. ಕೆ.ಆರ್. ಪೇಟೆಯ ದರ್ಜಿ ಅಖ್ತರ್ ಬೇಗಂ ಎಂಬುವರ ಅಚಾತುರ್ಯ. ಶಿಕ್ಷಕಿಯ ವಿಷಾದ." ಅಚಾತುರ್ಯ ಅಂದರೆ ಏನು ಅಂತ ಮಂಗಳಮ್ಮನನ್ನೇ ಕೇಳಿದೆ. "ಗ್ಯಾನ ಇಲ್ದೆ ಮಾಡುದ್ಲು ಅಂತ" ಅಂದರು. ಆಮೇಲೆ, "ಬೇಜಾರ್ ಮಾಡ್ಕೋಬ್ಯಾಡ ಕಣವ್ವ, ಸೊಸೆ ಸೀಮಂತುದ್ ಬ್ಲೌಸ್ ಪೀಸ್ ವಾಪಸ್ ಕೊಟ್ಬುಡು, ಮನೇಲಿ ಗಲಾಟೆ ಮಾಡ್ತಾವ್ರೆ" ಅಂದರು. ಕೊಟ್ಟೆ. ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಇದು ರಂಜಾನ್ ತಿಂಗಳು. ವರ್ಷದಲ್ಲಿ ನನಗೆ ಉಸಿರಾಡಲು ಬಿಡುವಿಲ್ಲದ ತಿಂಗಳು ಇದೊಂದೇ. ಈ ಸಲ ನಮ್ಮ ಬೀದಿಯವರೇ ಬಟ್ಟೆಯನ್ನು ಬೇರೆ ಕಡೆ ಕೊಡುತ್ತಿದ್ದಾರೆ. ಶಫೀವುಲ್ಲಾ ಅಂಗಡಿಯ ಬೋರ್ಡು ಇಳಿಸು ಅಂದ. ಇಳಿಸುವುದಿಲ್ಲ ಅಂದೆ. ನಿಮ್ಮ ಬಾವುಟಕ್ಕಾಗಿ ದೀಪಾವಳಿಯ ಬ್ಲೌಸುಗಳನ್ನೆಲ್ಲ ನಾನು ವಾಪಸ್ ಕಳಿಸಿದ್ದೆ. ಬಿಡುವಿನಲ್ಲಿ ಹೊಲಿದೆ ಅಂತ ನಿಮಗೆ ಬರೆದದ್ದು ಸುಳ್ಳು. ನಿಮಗೆ ಭಾರ ಅನ್ನಿಸಬಾರದು ಅಂತ ಹಾಗೆ ಬರೆದೆ.

ಶಿಕ್ಷಕಿಯ ವಿಷಾದ ಅಂತ ಇದೆಯಲ್ಲ, ಆ ಶಿಕ್ಷಕಿ ನೀವೇ ತಾನೇ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ನೀವು ನಡುಹೊಳೆಯಲ್ಲೇ ಅಂಬಿಗನನ್ನು ನೀರಿಗೆ ತಳ್ಳಿದಿರಿ. ಬಾವುಟಕ್ಕೆ ಎರಡು ಮುಖ ಇದ್ದರೆ ಅದಕ್ಕೆ ಆ ದೇಶದಲ್ಲಿ ಕಾನೂನಿದೆ. ನಿಮ್ಮ ಎರಡು ಮುಖಕ್ಕೆ ಯಾವ ಊರಿನ ಕಾನೂನು?

ಉಪವಾಸ ಹಿಡಿದವಳು ಸಿಟ್ಟು ಮಾಡಬಾರದು. ಆ ಲೆಕ್ಕವನ್ನು ಅಲ್ಲಾಹನ ಹತ್ತಿರ ನಾನು ನೋಡಿಕೊಳ್ಳುತ್ತೇನೆ. ಬಟ್ಟೆ ನಿಮ್ಮ ಶಾಲೆಯದು, ಅದರ ಬೆಲೆ ಕಳಿಸುತ್ತೇನೆ. ನನ್ನ ಬಾವುಟ ನನಗೆ ಕಳಿಸಿ.

ಅಖ್ತರ್ ಬೇಗಂ


ನಾಗಮಂಗಲ
11-1-1998

ಅಕ್ಕ,

ಮೇಡಂ ಎಂದು ನೀನು ಬರೆದದ್ದನ್ನು ನೂರು ಸಲ ಓದಿದೆ. ಅಕ್ಕ ಎಂದು ಬರೆಯುವ ಯೋಗ್ಯತೆ ನನಗಿಲ್ಲ, ಆದರೆ ಬೇರೆ ಯಾವುದೂ ಕೈಗೆ ಬರುವುದಿಲ್ಲ.

ನಡೆದದ್ದನ್ನು ಹೇಳುತ್ತೇನೆ. ನೀನು ಹೇಳಿದ ಹಾಗೆ ಹಗ್ಗಕ್ಕೇ ಕಟ್ಟಿದ್ದೆ. ಬೆಳಗಿನಿಂದ ಜನ ಸುತ್ತು ಹಾಕಿ ನೋಡಿದರು. ಮಧ್ಯಾಹ್ನ ತೀರ್ಪುಗಾರರು ಬಂದರು, ಪಾಂಡವಪುರದ ಕಡೆಯ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ನಕ್ಷತ್ರ ನೋಡಿ ತಲೆದೂಗಿದರು. ಹಿಂದೆ ಹೋಗಿ ಸಿಂಹ ನೋಡಿ, "ಏನಮ್ಮ ಇದು, ಒಂದ್ ಕಡೆ ಚುಕ್ಕಿ, ಒಂದ್ ಕಡೆ ಸಿಮ್ಮ? ಹಳೇ ಬಟ್ಟೆ ಜೋಡಿಸ್ಬುಟ್ರಾ?" ಎಂದರು. ಸುತ್ತ ಇದ್ದವರೆಲ್ಲ ನಕ್ಕರು. ಅವರ ಕೈಯಲ್ಲಿ ನಮ್ಮ ಶಾಲೆಯಲ್ಲಿರುವಂಥದೇ ಭೂಪಟದ ಪುಸ್ತಕ. ಅದರಲ್ಲಿ ನಕ್ಷತ್ರ ಮಾತ್ರ ಇತ್ತು. ಯಶೋದಮ್ಮನವರು ನನ್ನ ಕಿವಿಯ ಹತ್ತಿರ ಬಂದು, "ಖಾಯಂ ಆಗೋ ಟೈಮು ಕಣಮ್ಮ, ವಾದ ಮಾಡ್ಬ್ಯಾಡ, ತಪ್ಪಾಯ್ತು ಅಂದ್ಬುಡು" ಎಂದರು. ಮೇಷ್ಟ್ರು ರಟ್ಟು ಓದಿ, "ಈ ಟೈಲರಮ್ಮನ ಕೆಲಸವಾ?" ಎಂದು ಕೇಳಿದರು. ನಾನು ಹೌದು ಸರ್, ಟೈಲರ್ ಕಡೆಯಿಂದ ತಪ್ಪಾಗಿದೆ, ವಿಷಾದಿಸುತ್ತೇನೆ ಎಂದೆ. ಪಕ್ಕದಲ್ಲಿದ್ದ ಪತ್ರಿಕೆಯವರು ಅದನ್ನೇ ಬರೆದುಕೊಂಡರು. ಚೀಟಿ ನನ್ನ ಬ್ಯಾಗಿನಲ್ಲೇ ಇತ್ತು ಅಕ್ಕ. ಕೈ ಹಾಕಿದ್ದರೆ ಸಿಗುತ್ತಿತ್ತು. ಕೈ ಹಾಕಲಿಲ್ಲ.

ಜ್ವರ ಬಂದದ್ದೂ ಸುಳ್ಳು.

ಈಗ ಜನವರಿ ಇಪ್ಪತ್ತಾರಕ್ಕೆ ಪ್ರದರ್ಶನದ ವಸ್ತುಗಳನ್ನೆಲ್ಲ ಶಾಲೆಯಲ್ಲಿ ಮತ್ತೆ ಇಡುತ್ತಾರೆ. ಅಷ್ಟರೊಳಗೆ ಸಿಂಹದ ಕಡೆಯನ್ನು ಬಿಚ್ಚಿ ತೆಗೆಯಬೇಕೆಂದು ಯಶೋದಮ್ಮನವರು ನನಗೆ ಕತ್ತರಿ ಕೊಟ್ಟಿದ್ದಾರೆ. ಮೇಜಿನ ಮೇಲೆ ಇದೆ. ನಾನು ಇನ್ನೂ ಮುಟ್ಟಿಲ್ಲ. ಏನು ಮಾಡಲಿ ಹೇಳು. ನನ್ನನ್ನು ಕ್ಷಮಿಸು ಎಂದು ಈ ಕಾಗದದಲ್ಲಿ ಕಾಲು ಹಿಡಿದು ಕೇಳುತ್ತಿದ್ದೇನೆ.

ಪ್ರಮೀಳಾ


ಕೆ.ಆರ್. ಪೇಟೆ
16-1-1998
(ಕಾರ್ಡು)

ಇನ್ನು ಮುಂದೆ ನಾನು ಕಾರ್ಡಿನಲ್ಲೇ ಬರೆಯುತ್ತೇನೆ. ಪೋಸ್ಟ್‌ಮ್ಯಾನ್ ಓದಲಿ, ನಿಮ್ಮ ಜವಾನ ಓದಲಿ, ಯಶೋದಮ್ಮನವರೂ ಓದಲಿ. ನೂರು ಜನರ ಎದುರು ಅಂದದ್ದನ್ನು ಅಂಟಿಸಿದ ಕವರಿನೊಳಗೆ ವಾಪಸ್ ತೆಗೆದುಕೊಳ್ಳುವುದಕ್ಕೆ ಆಗುವುದಿಲ್ಲ. ಮೇಡಂ, ನಿಮ್ಮ ಕೈಗೆ ಸೂಜಿ ಕೊಟ್ಟವಳು ನಾನು, ಕತ್ತರಿ ಕೊಟ್ಟವರು ಅವರು. ಶಾಂತಿ ಮತ್ತು ನ್ಯಾಯ ಅಂತ ಬರೆದಿರುವ ಕಡೆಯನ್ನೇ ಬಿಚ್ಚಲು ಹೇಳಿದ್ದಾರೆ. ಏನು ಮಾಡಬೇಕು ಅಂತ ಕೇಳಬೇಡಿ. ನಿಮಗೇ ಗೊತ್ತು.
ಅಖ್ತರ್ ಬೇಗಂ, ಲೇಡೀಸ್ ಟೈಲರ್


ನಾಗಮಂಗಲ
27-1-1998
(ನಾಲ್ಕು ಕಾರ್ಡುಗಳು, ಮೇಲೆ ಸಂಖ್ಯೆ ಹಾಕಿದೆ)

1. ಅಕ್ಕ, ನಾನೂ ಕಾರ್ಡಿನಲ್ಲೇ ಬರೆಯುತ್ತೇನೆ. ಒಂದರಲ್ಲಿ ಹಿಡಿಸಲಿಲ್ಲ. ನಿನ್ನ ಕಾರ್ಡನ್ನು ಜವಾನ ಓದಿ, ಕ್ಲಾರ್ಕ್ ಓದಿ, ಯಶೋದಮ್ಮನವರು ಓದಿ, ಕೊನೆಗೆ ನನಗೆ ಕೊಟ್ಟರು. ಒಳ್ಳೆಯದೇ ಆಯಿತು. ಮುಚ್ಚಿಡಲು ಏನೂ ಉಳಿಯಲಿಲ್ಲ. ಕತ್ತರಿಯನ್ನು ಹೊಲಿಗೆ ಕ್ಲಾಸಿನ ಡಬ್ಬದಲ್ಲಿ ಹಾಕಿಬಂದೆ. ಇಪ್ಪತ್ತಾರರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಮೈದಾನದ ಬದಿಯಲ್ಲಿ ಎರಡು ಕಂಬಗಳ ನಡುವೆ ಹಗ್ಗ ಬಿಗಿದು ಬಾವುಟ ಕಟ್ಟಿದೆ. ಸಿಂಹವೂ ಇತ್ತು, ನಕ್ಷತ್ರವೂ ಇತ್ತು.

2. ನಮ್ಮ ದೇಶದ ಬಾವುಟ ಏರಿತು, ರಾಷ್ಟ್ರಗೀತೆ ಮುಗಿಯಿತು, ಭಾಷಣಗಳಾದವು. ನಿರೂಪಣೆ ನನ್ನದೇ. ಆಡಳಿತ ಮಂಡಳಿಯವರೆಲ್ಲ ಮುಂದಿನ ಸಾಲಿನಲ್ಲಿ ಇದ್ದರು. ವಂದನಾರ್ಪಣೆಗೆ ಮುಂಚೆ ಬ್ಯಾಗಿಗೆ ಕೈ ಹಾಕಿ ಚೀಟಿ ತೆಗೆದೆ. ಪುಸ್ತಕದ ಹೆಸರು, ಪುಟ, ಅದರಲ್ಲಿದ್ದ ಮಾತು, ಎಲ್ಲವನ್ನೂ ಓದಿದೆ. ಈ ಬಾವುಟ ಸರಿಯಾಗಿದೆ, ಕೆ.ಆರ್. ಪೇಟೆಯ ಅಖ್ತರ್ ಬೇಗಂ ಅವರು ಹೊಲಿದದ್ದರಲ್ಲಿ ಒಂದು ನೂಲಿನ ತಪ್ಪೂ ಇಲ್ಲ, ಶ್ರೀರಂಗಪಟ್ಟಣದಲ್ಲಿ ನಾನು ಹೇಳಿದ್ದು ಸುಳ್ಳು ಎಂದೆ.

3. "ಮೈಕ್ ಆಫ್ ಮಾಡ್ರೀ" ಎಂದರು ಯಶೋದಮ್ಮನವರು. ಮಾಡಿದರು. ಐದು ವರ್ಷ ಕೊನೆಯ ಬೆಂಚಿನವರೆಗೆ ಕೂಗಿ ಪಾಠ ಮಾಡಿದವಳಿಗೆ ಮೈಕ್ ಯಾಕೆ ಅಕ್ಕ? ಮೊದಲಿನಿಂದ ಇನ್ನೊಂದು ಸಲ ಹೇಳಿದೆ. ಮಕ್ಕಳು ಎದ್ದು ಓಡಿಹೋಗಿ ಬಾವುಟದ ಎರಡೂ ಕಡೆ ನಿಂತರು. ಮಧ್ಯಾಹ್ನ ಮಂಡಳಿಯವರು ತಪ್ಪೊಪ್ಪಿಗೆ ಬರೆದುಕೊಡಲು ಹೇಳಿದರು. ಬರೆದುಕೊಟ್ಟೆ. "ಬಾವುಟ ಸರಿ. ತಪ್ಪು ನನ್ನದು, ಹೊಲಿದವರದಲ್ಲ." ಇದಲ್ಲ ಬೇಕಾದದ್ದು ಎಂದರು. ನನ್ನಲ್ಲಿ ಇರುವುದು ಇಷ್ಟೇ ಎಂದೆ. ಅದೇ ಸಾಲನ್ನು ಆ ವಾರಪತ್ರಿಕೆಗೂ ಕಳಿಸಿದ್ದೇನೆ. ಅಚ್ಚು ಹಾಕುತ್ತಾರೋ ಇಲ್ಲವೋ ತಿಳಿಯದು.

4. ಮಾರ್ಚಿ ತಿಂಗಳ ನಂತರ ಬರಬೇಕಾಗಿಲ್ಲ ಎಂದಿದ್ದಾರೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಅತ್ತುಬಿಟ್ಟೆ. ಸುಳ್ಳು ಹೇಳುವುದಿಲ್ಲ. ಆದರೆ ರಾತ್ರಿ ನಿದ್ದೆ ಬಂತು. ಡಿಸೆಂಬರಿನಿಂದ ಬಂದಿರಲಿಲ್ಲ. ಬಟ್ಟೆಯ ಬೆಲೆಯನ್ನು ಶಾಲೆಗೆ ನಾನೇ ಕಟ್ಟಿ ಬಾವುಟ ಬಿಡಿಸಿಕೊಂಡಿದ್ದೇನೆ. ನಾಳೆ ಪಾರ್ಸೆಲ್ ಹಾಕುತ್ತೇನೆ. ಒಳಗೆ ರಟ್ಟನ್ನೂ ಆ ಚೀಟಿಯನ್ನೂ ಇಟ್ಟಿರುತ್ತೇನೆ, ಚೀಟಿಯನ್ನು ಬಾವುಟದ ಪಕ್ಕ ಅಂಟಿಸು. ಕ್ಷಮಿಸು ಎಂದು ಇನ್ನು ಕೇಳುವುದಿಲ್ಲ.
ಪ್ರಮೀಳಾ


ಕೆ.ಆರ್. ಪೇಟೆ
8-2-1998

ಪಮ್ಮಿಗೆ,

ಚೀಟಿ ಒಳಗಿಡಬೇಕಾದ್ದರಿಂದ ಇವತ್ತು ಕವರು. ಬೇರೆ ಗುಟ್ಟೇನೂ ಇಲ್ಲ, ಯಾರಾದರೂ ಒಡೆದು ಓದಿದರೂ ಓದಲಿ.

ಹಬ್ಬದ ಮುಂಚಿನ ದಿನ ಪಾರ್ಸೆಲ್ ಬಂತು. ಹಬ್ಬ ಮುಗಿದ ಮಾರನೆಯ ದಿನ ಬಾವುಟ ಕಟ್ಟಿದೆ. ಗೋಡೆಗಲ್ಲ. ಅಂಗಡಿಯ ಬಾಗಿಲ ತಲೆಯಿಂದ ಎದುರಿನ ಲೈಟುಕಂಬದವರೆಗೆ, ಬೀದಿಯ ಅಡ್ಡಕ್ಕೆ ತಂತಿ ಎಳೆದು. ಬಸ್‌ಸ್ಟ್ಯಾಂಡಿನ ಕಡೆಯಿಂದ ಬರುವವರಿಗೆ ಚುಕ್ಕಿ, ಮಾರ್ಕೆಟ್ ಕಡೆಯಿಂದ ಬರುವವರಿಗೆ ಸಿಂಹ. ನೀನು ಬರೆದ ಆ ರಟ್ಟನ್ನು ಕೆಳಗೆ ತೂಗುಹಾಕಿದ್ದೇನೆ.

ಶಫೀವುಲ್ಲಾ ಹೆದರಿಬಿಟ್ಟ. "ಆಪಾ, ನಮ್ಮೋರು ಬಾವುಟ ಕಟ್ಟುದ್ರೆ ಜನ ಬ್ಯಾರೆ ತರ ನೋಡ್ತಾರೆ. ಇಳಿಸ್ಬುಡು" ಅಂದ. ಬೋರ್ಡನ್ನೇ ಇಳಿಸದವಳು ಇದನ್ನು ಇಳಿಸುತ್ತೀನಾ? ಅವನು ಹೆದರಿದ ಹಾಗೇ ಎರಡನೆಯ ದಿನ ಪೊಲೀಸಿನವರು ಬಂದರು. "ಏನಮ್ಮ, ಯಾವ್ ಪಾರ್ಟಿದು ಇದು? ಎಲೆಕ್ಸನ್ ಟೈಮು, ಬೀದಿಗೆಲ್ಲ ಬಾವುಟ ಕಟ್ಟಂಗಿಲ್ಲ" ಅಂದರು. ಪರಾಗ್ವೆ ಅಂದೆ. "ಆ ಪಾರ್ಟಿಯೋರು ನಮ್ಮ ಕಡೆ ನಿಂತವ್ರಾ?" ಅಂದರು. "ಯಾರೂ ನಿಂತಿಲ್ಲ ಸಾ, ನಿಂತಿರಾದು ನಾನೊಬ್ಳೇ" ಅಂದೆ. ರಟ್ಟು ಓದಿದರು. ಈ ಕಡೆ ನೋಡಿದರು, ಆ ಕಡೆ ಹೋಗಿ ನೋಡಿದರು. ಹೊಲಿಗೆಯ ಮೇಲೆ ಕೈಯಾಡಿಸಿ, "ದಾರ ಈಚೆಗೆ ಕಾಣಾಕಿಲ್ವಲ್ಲಮ್ಮ" ಅಂದರು. ಬಸ್ಸಿಗೆ ತಾಗದ ಹಾಗೆ ತಂತಿ ಮೇಲಕ್ಕೆ ಕಟ್ಟಲು ಹೇಳಿ ಹೋದರು. ಮೇಲಕ್ಕೆ ಕಟ್ಟಿದೆ. ಈಗ ಇನ್ನೂ ದೂರದಿಂದ ಕಾಣುತ್ತದೆ.

ನಿನ್ನೆ ಇಬ್ಬರು ರೈತರು ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತು ಜಗಳಕ್ಕೆ ಬಿದ್ದಿದ್ದರು. "ಚುಕ್ಕಿ ಕಣ್ಲಾ ಅದು." "ನಿನ್ ಕಣ್ಣಿಗೇನಾಗದೆಲಾ, ಸಿಮ್ಮ ಕಣ್ಲಾ." ಜಾಗ ಬದಲಾಯಿಸಿಕೊಂಡು ನಿಂತರೂ ಜಗಳ ನಿಲ್ಲಲಿಲ್ಲ. ನಾನು ಮಿಷನ್ನು ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟು ದಿನವಾಗಿತ್ತೋ ನಕ್ಕು. ಮಂಗಳಮ್ಮ ಎರಡು ಸಲ ಬಾವುಟದ ಕೆಳಗೇ ಹಾದುಹೋದರು. ಬ್ಲೌಸ್ ಪೀಸ್ ತರಲಿಲ್ಲ. ಆದರೆ ಎರಡನೆಯ ಸಲ ತಲೆ ಎತ್ತಿ ನೋಡಿದರು.

ನಿನ್ನ ನಾಲ್ಕೂ ಕಾರ್ಡುಗಳನ್ನು ನಮ್ಮ ಪೋಸ್ಟ್‌ಮ್ಯಾನ್ ಗಟ್ಟಿಯಾಗಿ ಓದಿಯೇ ಕೊಟ್ಟ. ಬೀದಿಗೆಲ್ಲ ಗೊತ್ತು. ನಿನ್ನ ಕೆಲಸ ಹೋದದ್ದಕ್ಕೆ ನನಗೆ ಸಂಕಟವಾಯಿತು, ಹೌದು. ಆದರೆ ಅಯ್ಯೋ ಪಾಪ ಅನ್ನುವುದಿಲ್ಲ. ಮಾಡಿದ್ದನ್ನು ಮಾಡಿದೆ, ಆಮೇಲೆ ಮಾಡಬೇಕಾದ್ದನ್ನೂ ಮಾಡಿದೆ. ಕ್ಷಮಿಸಿದೆ ಅಂತ ಬರೆಯಲು ನನಗೆ ಇನ್ನೂ ಕೈ ಬರುತ್ತಿಲ್ಲ. ಬಂದ ದಿನ ಕಾರ್ಡು ಹಾಕುತ್ತೇನೆ.

ಚೀಟಿ ವಾಪಸ್ ಕಳಿಸಿದ್ದೇನೆ. ಅದನ್ನು ಅಂಟಿಸಿದರೆ ಜನ ಯಾವುದೋ ಮೈಸೂರಿನ ಪುಸ್ತಕವನ್ನು ನಂಬುತ್ತಾರೆ. ನನಗೆ ಬೇಕಾದದ್ದು ಅವರು ನನ್ನ ಕೈಯನ್ನು ನಂಬುವುದು. ಅದಕ್ಕೆ ಚೀಟಿ ಸಾಲದು, ಸುಳ್ಳು ಹೇಳಿದ ಬಾಯಿಯೇ ಬರಬೇಕು. ಸಂತೆಯ ದಿನ ಬೆಳಗಿನ ಬಸ್ಸಿಗೆ ಬಾ. ಬಾವುಟದ ಕೆಳಗೆ ಸ್ಟೂಲು ಹಾಕಿರುತ್ತೇನೆ. ಕೇಳಿದವರಿಗೆಲ್ಲ ನೀನು ಹೇಳು. ನಾನು ಒಳಗೆ ಹೊಲಿಯುತ್ತಾ ಕೇಳಿಸಿಕೊಳ್ಳುತ್ತೇನೆ. ಮಧ್ಯಾಹ್ನಕ್ಕೆ ಮುದ್ದೆ ಮಾಡಿರುತ್ತೇನೆ.

ಅಖ್ತರಕ್ಕ